ಇಕ್ಕೇರಿಯ ಮೆಣಸು ಮತ್ತು ಕೋರ್ಟೀನ್ ವರ್ತಕ ಸಂಘ

ವಿದೇಶ ವ್ಯಾಪಾರದಲ್ಲಿ ತೊಡಗಿದ ಸಣ್ಣ ಸಂಸ್ಥೆಗಳ ಏಳುಬೀಳುಗಳಿಗೆ ಬಂಡವಾಳವೊಂದೇ ಕಾರಣವಲ್ಲ. ಅವು ಬೆಳೆಸಿಕೊಂಡ ಸಂಬಂಧಗಳೂ ಕಾರಣ. ಇದಕ್ಕೆ ಸಾಗರ ಸೀಮೆಯ ಇತಿಹಾಸದಲ್ಲಿಯೇ ನಿದರ್ಶನವೊಂದಿದೆ.

ಹೊನ್ನೆಮರಡು, ಇಕ್ಕೇರಿಗಳಿರುವ ಈ ಮಲೆನಾಡಿನ ಮೆಣಸು ಘಟ್ಟವಿಳಿದು ಹೊನ್ನಾವರ, ಭಟ್ಕಳಗಳ ರೇವುಗಳನ್ನು ಸೇರುತ್ತಿದ್ದಿತು. ಅದನ್ನು ಕೊಳ್ಳುವವರಲ್ಲಿ ಪೋರ್ಚುಗೀಸರು ಪ್ರಮುಖರು. 1623ರಲ್ಲಿ ಅವರ ರಾಯಭಾರಿಯು ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದುದನ್ನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ವರ್ಣಿಸಿದ್ದಾನೆ.

1635ರಲ್ಲಿ ಗೋವೆಯಲ್ಲಿ ಆಂಗ್ಲರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಅದೇ ವರ್ಷ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನು, ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ, ವಿಲಿಯಂ ಕೋರ್ಟೀನನ ಸಣ್ಣ ಸಂಘಕ್ಕೆ ಪರವಾನಗಿಯಿತ್ತನು. ಜಾನ್ ವೆಡೆಲನ ನಾಯಕತ್ವದ ಅದರ ಹಡಗುಗಳು 1637ರಲ್ಲಿ ಭಟ್ಕಳಕ್ಕೆ ಬಂದವು. ವರ್ತಕ ವೆರ್ನ್‌ವರ್ದಿ, ಪೀಟರ್ ಮಂಡಿ ಮೊದಲಾದವರು ಇಕ್ಕೇರಿಗೆ ಹೋಗಿ ವೀರಭದ್ರನಾಯಕನನ್ನು ಕಂಡು ಭಟ್ಕಳದಲ್ಲಿ ಕೋಠಿ ಹೂಡಲು ಅನುಮತಿ ಪಡೆದರು. ಮೆಣಸಿಗೆ ಮತ್ತೊಬ್ಬ ಗಿರಾಕಿ ದೊರೆತುದು ನಾಯಕನಿಗೂ ಲಾಭವೇ.

ಆದರೆ ಈ ಸ್ನೇಹ ಕೆಲವೇ ವ್ಯಕ್ತಿಗಳನ್ನು ಅವಲಂಬಿಸಿದ್ದಿತು. ವೆರ್ನ್‌ವರ್ದಿಯೂ ಸಹವರ್ತಕ ಜಾರ್ಜ್ ವೈಯೂ 1637ರಲ್ಲಿಯೇ ಮಡಿದರು. ಭಟ್ಕಳದ ಸಮಾಧಿಶಿಲೆಗಳು ಅದಕ್ಕೆ ಸಾಕ್ಷಿ. ಸ್ವದೇಶದ ಕಂಪನಿಯೊಡನೆ ಸಂಘಕ್ಕೆ ಇದ್ದುದು ಹಗೆತನ. ಕಷ್ಟಕಾಲದಲ್ಲಿ ಅದರ ನೆರವನ್ನು ನಿರೀಕ್ಷಿಸುವಂತಿರಲಿಲ್ಲ. ಸಾಲದ ಹೊರೆ ತಾಳಲಾರದೆ ಕೋರ್ಟೀನನ ಮಗನು 1643ರಲ್ಲಿ ದೇಶಬಿಟ್ಟನು. 1649ರ ಒಪ್ಪಂದದಿಂದ ಅವನ ಪಾಲುದಾರರ ಗುಂಪು ಕಂಪನಿಯೊಡನೆ ಒಂದಾಯಿತು.

ಆಸ್ಥಾನದ ವಿಶ್ವಾಸವು ಸಣ್ಣ ಸಂಸ್ಥೆಗೂ ಬಾಗಿಲು ತೆರೆಯಬಲ್ಲದು. ಅದನ್ನು ಮುಂದುವರಿಸುವ ಜನವೂ ಹಣವೂ ಇಲ್ಲದಿದ್ದರೆ ಆ ಬಾಗಿಲು ಬಹುಕಾಲ ತೆರೆದಿರದೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.