‘ಸರ್ವರ್ ಇಲ್ಲ’ ಎಂದರೆ ಏನಿಲ್ಲ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಗುರುಗಳು ಫೋನಿನಲ್ಲಿ ಕೇಳಿದಾಗ ಸಂತೋಷದ ಜೊತೆಗೆ ಸಂಕೋಚವೂ ಆಯಿತು. ನಾನು ಸಾಹಿತಿಯಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. “ನಿನಗ ಗೊತ್ತಿರೋದನ್ನ ಬರಿಯಪ್ಪ, ಊರವರಿಗೆ ತಿಳಿಯೋಹಂಗ ಬರಿ” ಎಂದರು. ಹಾಗಾಗಿ ನಮ್ಮಪ್ಪ ಕೇಳಿದ ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಸಾಲಕ್ಕೆ ಬೇಕಾದ ಒಂದು ಕಾಗದಕ್ಕಾಗಿ ಅಪ್ಪ ಒಂದು ಕಚೇರಿಗೆ ಮೂರು ದಿನ ಅಲೆದಿದ್ದರು. ಮೂರೂ ದಿನ ಕಿಟಕಿಯಲ್ಲಿ ಒಂದೇ ಉತ್ತರ: “ಸರ್ವರ್ ಇಲ್ರೀ ಯಜಮಾನ್ರ, ನಾಳಿ ಬರ್ರಿ.” ರಜೆಗೆ ಊರಿಗೆ ಬಂದಿದ್ದ ನನ್ನನ್ನು ಅಪ್ಪ ಕೇಳಿದರು: “ಯಾಂವ ತಮ್ಮಾ ಈ ಸರ್ವರ್? ಹೋದಾಗೊಮ್ಮೆ ರಜಾದಾಗ ಇರ್ತಾನಲ್ಲ!” ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. ಮೂರು ದಿನದ ಕೆಲಸ, ಮೂರು ದಿನದ ಬಸ್ ಚಾರ್ಜು ಅವರ ಲೆಕ್ಕದಲ್ಲಿತ್ತು.

ನಾಲ್ಕನೆಯ ದಿನ ನಾನೂ ಜೊತೆಗೆ ಹೋದೆ. ಅದೇ ಉತ್ತರ ಬಂತು. ಕಿಟಕಿಯೊಳಗೆ ಇಣುಕಿದರೆ ಮೇಜಿನ ಕೆಳಗೆ ಒಂದು ಸಣ್ಣ ಡಬ್ಬಿ, ಅದರಲ್ಲಿ ಒಂದು ದೀಪವೂ ಇಲ್ಲ. ಅದರ ಪ್ಲಗ್ಗನ್ನು ಯಾರೋ ಕಿತ್ತು ಆ ಜಾಗದಲ್ಲಿ ಫ್ಯಾನು ಹಾಕಿದ್ದರು. ಪ್ಲಗ್ ಹಾಕಿದ ಐದು ನಿಮಿಷಕ್ಕೆ ಅಪ್ಪನ ಕಾಗದ ಕೈಗೆ ಬಂತು. ಅಲ್ಲಿ ಕೂತಿದ್ದ ಹುಡುಗನೂ ಸುಳ್ಳು ಹೇಳಿರಲಿಲ್ಲ. ಸರ್ವರ್ ಇಲ್ಲವೆಂದೇ ಅವನೂ ನಂಬಿದ್ದ. ಆದರೆ ಸರ್ವರ್ ಎಂಬುದು ದಾಖಲೆಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಕಳಿಸುವ ದೊಡ್ಡ ಕಂಪ್ಯೂಟರ್. ಅದು ದೂರದಲ್ಲಿ ತನ್ನ ಪಾಡಿಗೆ ತಾನು ನಡೆದೇ ಇತ್ತು.

ಆ ಮೇಜಿಗೂ ಸರ್ವರಿಗೂ ನಡುವೆ ಹಲವಾರು ಡಬ್ಬಿಗಳಿವೆ. ಒಂದೊಂದಕ್ಕೂ ಒಂದು ಹೆಸರು, ಒಂದು ಕೆಲಸ, ಹುಟ್ಟಿದ್ದಕ್ಕೊಂದು ಕಾರಣ. ಆ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಕಿರ್ರೆನ್ನುತ್ತಿದ್ದ ಮೋಡೆಮ್

ಮೊದಲು ಬಂದದ್ದು ಮೋಡೆಮ್. ಟೆಲಿಫೋನ್ ತಂತಿ ಹಾಕಿದ್ದು ಮನುಷ್ಯರ ಮಾತಿಗೆ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ, ಒಂದು ಮಾತ್ರ. ಆ ಸೊನ್ನೆ-ಒಂದುಗಳನ್ನು ಸದ್ದಾಗಿ ಬದಲಿಸಿ ತಂತಿಗೆ ಬಿಡುವುದು, ಆ ಕಡೆಯಿಂದ ಬಂದ ಸದ್ದನ್ನು ಮತ್ತೆ ಸೊನ್ನೆ-ಒಂದು ಮಾಡುವುದು ಮೋಡೆಮಿನ ಕೆಲಸ. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ 1962ರಲ್ಲಿ ಮಾರುಕಟ್ಟೆಗೆ ತಂದ ಬೆಲ್ 103 ಮೋಡೆಮ್ ಸೆಕೆಂಡಿಗೆ 300 ಬಿಟ್ ಕಳಿಸುತ್ತಿತ್ತು. ಅಂದರೆ ಸುಮಾರು 30 ಇಂಗ್ಲಿಷ್ ಅಕ್ಷರ.

ಮೋಡೆಮ್ ಇದ್ದರಷ್ಟೇ ಸಾಲದು, ಟೆಲಿಫೋನ್ ತಂತಿ ಊರಿಗೆ ಬರಬೇಕಲ್ಲ? ಇದರಲ್ಲಿ ನಮ್ಮ ಕರ್ನಾಟಕಕ್ಕೆ ಒಂದು ಹೆಮ್ಮೆಯ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನುಗಳ ಸಣ್ಣ ಎಕ್ಸ್‌ಚೇಂಜನ್ನು ತಯಾರಿಸಿತು. ಹವಾನಿಯಂತ್ರಣದ ಕೋಣೆಯಿಲ್ಲದೆ, ಬಿಸಿಲು-ಧೂಳಿನಲ್ಲೂ ಅದು ನಡೆಯಬೇಕಿತ್ತು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಅಳವಡಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಮುಂದೆ ಹಳ್ಳಿ ಹಳ್ಳಿಗೆ ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಬಂದುದರ ಹಿಂದೆ ಇಂಥ ಎಕ್ಸ್‌ಚೇಂಜುಗಳಿವೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ನಾನು ಅದನ್ನು ಕಂಡದ್ದು ಹತ್ತು ವರ್ಷದ ಮೇಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು ಗೆಳೆಯರೊಂದಿಗೆ ಕೊಪ್ಪಳದ ಒಂದು ಸೈಬರ್ ಸೆಂಟರಿಗೆ ಹೋಗಿದ್ದೆ. ಮೋಡೆಮ್ ಕಿರ್ರೆಂದು, ಗೊರ್ರೆಂದು ಕೂಗಿ ಸುಮ್ಮನಾಗುತ್ತಿತ್ತು. ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಆ ಬಗೆಯ ಮೋಡೆಮಿನ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಇಂದಿನ ಮೊಬೈಲಿನಲ್ಲಿ ತೆಗೆದ 3 ಎಂಬಿ ಫೋಟೊ ಒಂದು ಬರಲು ಏಳು ನಿಮಿಷವಾದರೂ ಬೇಕಾಗುತ್ತಿತ್ತು.

ಡಂಗುರದ ಹಬ್, ಅಂಚೆಯಣ್ಣನ ಸ್ವಿಚ್

ಮೋಡೆಮ್ ದೂರದ ನಂಟಿನ ಮಾತಾಯಿತು. ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಜೋಡಿಸುವುದು ಹೇಗೆ? 1973ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣ ಇಂಜಿನಿಯರ್ ‘ಈಥರ್‌ನೆಟ್’ ಎಂಬ ಏರ್ಪಾಟನ್ನು ಬರೆದಿಟ್ಟರು. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಡೇವಿಡ್ ಬಾಗ್ಸ್ ಜೊತೆಗೂಡಿ ಅವರು ಅದನ್ನು ಕಟ್ಟಿ ನಿಲ್ಲಿಸಿದರು. ಒಂದೇ ಕೇಬಲ್, ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಜೋಡಣೆ. ತರಗತಿಯಲ್ಲಿ ಇಬ್ಬರು ಒಟ್ಟಿಗೇ ಉತ್ತರ ಹೇಳಿದರೆ ಯಾರದೂ ಕೇಳುವುದಿಲ್ಲ. ಇಬ್ಬರೂ ಸುಮ್ಮನಾಗಿ, ಒಬ್ಬ ಬೇಗ, ಇನ್ನೊಬ್ಬ ತುಸು ತಡೆದು ಮತ್ತೆ ಹೇಳಬೇಕು. ಈಥರ್‌ನೆಟ್ಟಿನ ನಿಯಮವೂ ಅದೇ ಆಗಿತ್ತು.

ಆದರೆ ತಂತಿ ಉದ್ದವಾದಂತೆ ಸಂಕೇತ ಸೊರಗುತ್ತದೆ. ಹಳೆಯ ದಪ್ಪ ಕೇಬಲಿನಲ್ಲಿ 500 ಮೀಟರ್ ಗಡಿ. ಇದಕ್ಕೆ ಕಂಡ ಪರಿಹಾರ ರಿಪೀಟರ್. ಈ ಹೊಲದಿಂದ ಕೂಗಿದ್ದು ಆಚೆಯ ಹೊಲಕ್ಕೆ ಕೇಳದಿದ್ದರೆ ನಡುವಿನ ಬದುವಿನ ಮೇಲೆ ನಿಂತವನು ಅದನ್ನೇ ಮತ್ತೆ ಕೂಗಿ ಹೇಳುತ್ತಾನಲ್ಲ, ಅಷ್ಟೇ ಅದರ ಕೆಲಸ.

1990ರ ಹೊತ್ತಿಗೆ ದಪ್ಪ ಕೇಬಲ್ ಹೋಗಿ ಟೆಲಿಫೋನ್ ತಂತಿಯಂಥ ಹೆಣೆದ ಜೋಡಿ ತಂತಿ ಬಂತು. ಒಂದೊಂದು ಕಂಪ್ಯೂಟರಿನಿಂದ ಒಂದೊಂದು ತಂತಿ ಬಂದು ನಡುವಿನ ಡಬ್ಬಿಗೆ ಸೇರುತ್ತಿತ್ತು. ಅದೇ ಹಬ್. ಒಂದು ತೂತಿನಿಂದ ಬಂದದ್ದನ್ನು ಉಳಿದೆಲ್ಲ ತೂತುಗಳಿಗೂ ಸಾರಿಬಿಡುವುದು ಅದರ ಸ್ವಭಾವ. ಊರಲ್ಲಿ ಡಂಗುರ ಹೊಡೆದಂತೆ. ಒಬ್ಬರಿಗೆ ಹೇಳಬೇಕಾದ್ದೂ ಊರಿಗೆಲ್ಲ ಕೇಳುತ್ತಿತ್ತು. ಕಂಪ್ಯೂಟರ್ ಹೆಚ್ಚಿದಂತೆ ಗದ್ದಲವೂ ಹೆಚ್ಚಿತು.

ಗದ್ದಲಕ್ಕೆ ಮದ್ದಾಗಿ ಬಂದದ್ದು ಮೊದಲು ಬ್ರಿಡ್ಜ್, ಆಮೇಲೆ ಸ್ವಿಚ್. ಬ್ರಿಡ್ಜ್ ಎರಡು ಗುಂಪುಗಳ ನಡುವೆ ನಿಂತು, ಯಾರು ಯಾವ ಕಡೆ ಇದ್ದಾರೆಂದು ನೋಡಿ ಕಲಿತು, ದಾಟಬೇಕಾದ್ದನ್ನು ಮಾತ್ರ ದಾಟಿಸುತ್ತಿತ್ತು. ಸ್ವಿಚ್ ಎಂದರೆ ಅದನ್ನೇ ಹಲವು ತೂತುಗಳಿಗೆ ಮಾಡುವ ಡಬ್ಬಿ. ಮನೆ ಮನೆ ಬಲ್ಲ ಅಂಚೆಯಣ್ಣನ ಹಾಗೆ ಯಾರ ಕಾಗದ ಅವರ ಬಾಗಿಲಿಗೇ ಮುಟ್ಟಿಸುತ್ತದೆ. 1990ರಲ್ಲಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’! ನಮ್ಮ ಮಿನುಗುತಾರೆಯ ಹೆಸರಲ್ಲ. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ಅವರ ಪತ್ನಿಯ ಹೆಸರು. 1994ರಲ್ಲಿ ಅದನ್ನು ಸಿಸ್ಕೊ ಕಂಪನಿ ಕೊಂಡುಕೊಂಡಿತು.

ಸ್ವಿಚ್ಚಿನ ಪಾಠ ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಜಿನ ಕೆಳಗೆ ಸಡಿಲಾಗಿ ಬಿದ್ದಿದ್ದ ಕೇಬಲಿನ ತುದಿಯನ್ನು ಕಂಡು, ಉಪಕಾರ ಮಾಡೋಣವೆಂದು ಅಲ್ಲೇ ಇದ್ದ ಸಣ್ಣ ಸ್ವಿಚ್ಚಿನ ಖಾಲಿ ತೂತಿಗೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲಿತ್ತು. ಎಲ್ಲರಿಗೂ ಎಂದು ಹೊರಟ ಸಂದೇಶಗಳು ಆ ಸುತ್ತಿನಲ್ಲಿ ಗಾಣದ ಎತ್ತಿನಂತೆ ತಿರುಗುತ್ತಾ, ಹೆಚ್ಚುತ್ತಾ ಹೋಗಿ ಇಡೀ ಮಹಡಿಯ ನೆಟ್‌ವರ್ಕ್ ಕಟ್ಟಿಕೊಂಡು ನಿಂತಿತು. ಎರಡು ತಾಸು ಎಲ್ಲರೂ ಹುಡುಕಿದರು. ನನ್ನದೇ ಉಪಕಾರವೆಂದು ತಿಳಿದಾಗ ನೆಲ ಬಿರಿಯಬಾರದೇ ಎನಿಸಿತ್ತು. ಇಂಥ ಸುತ್ತನ್ನು ತಡೆಯುವ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಮಹಿಳಾ ವಿಜ್ಞಾನಿ 1985ರಲ್ಲೇ ಕೊಟ್ಟಿದ್ದರು. ಡಬ್ಬಿಗಳು ತಮ್ಮತಮ್ಮಲ್ಲೇ ವಿಚಾರಿಸಿಕೊಂಡು ಹೆಚ್ಚಿನ ದಾರಿಯನ್ನು ಮುಚ್ಚಿಡುತ್ತವೆ, ಮುಖ್ಯ ದಾರಿ ಕಡಿದಾಗ ಅದನ್ನು ತೆರೆಯುತ್ತವೆ. ನಾನು ಕೈಯಿಟ್ಟ ಅಗ್ಗದ ಸ್ವಿಚ್ಚಿನಲ್ಲಿ ಆ ಜಾಣ್ಮೆ ಇರಲಿಲ್ಲ.

ಗಡಿ ಕಾಯುವ ರೌಟರ್

ರೌಟರನ್ನು ಅರ್ಥ ಮಾಡಿಕೊಳ್ಳಲು ಅಳವಂಡಿಯವರಿಗೆ ಬೇರೆ ಉದಾಹರಣೆ ಬೇಡ. 1948ರ ವಿಮೋಚನೆಯವರೆಗೆ ನಮ್ಮೂರು ನಿಜಾಮರ ರಾಜ್ಯದ ಅಂಚಿನಲ್ಲಿತ್ತು. ಆಚೆಯ ಮುಂಡರಗಿ ಮುಂಬಯಿ ಪ್ರಾಂತದ್ದು. ನಮ್ಮವರೇ ಆದ ಶಿವಮೂರ್ತಿಸ್ವಾಮಿ ಅಳವಂಡಿಯವರ ಮುಂಡರಗಿ ಶಿಬಿರದ ಹೋರಾಟ ಹಿರಿಯರಿಗೆಲ್ಲ ಗೊತ್ತಿದ್ದದ್ದೇ. ಈ ಕಡೆ ಹಾಲಿ ಸಿಕ್ಕಾ ನಾಣ್ಯ, ಆ ಕಡೆ ಬ್ರಿಟಿಷ್ ರೂಪಾಯಿ. ಈ ಕಡೆ ಒಂದು ಕಾನೂನು, ಆ ಕಡೆ ಇನ್ನೊಂದು. ಗಡಿಯಲ್ಲಿ ನಾಕಾ. ರೌಟರ್ ಅಂಥ ನಾಕಾ. ಸ್ವಿಚ್ ಊರೊಳಗಿನ ವ್ಯವಹಾರ ನೋಡಿಕೊಂಡರೆ, ರೌಟರ್ ಊರಾಚೆ ಹೋಗಬೇಕಾದ್ದರ ವಿಳಾಸ ನೋಡಿ, ಮುಂದಿನ ನಾಕಾ ಯಾವುದೆಂದು ತೀರ್ಮಾನಿಸಿ ಆ ದಾರಿಗೆ ಬಿಡುತ್ತದೆ. ಹೀಗೆ ಒಂದಾದ ಮೇಲೊಂದು ನಾಕಾ ದಾಟಿ ಸಂದೇಶ ಗುರಿ ಮುಟ್ಟುತ್ತದೆ.

ಅದರ ಪೂರ್ವಜ ಅಮೆರಿಕದ ಆರ್ಪಾನೆಟ್ ಜಾಲದ ಐಎಂಪಿ ಎಂಬ, ಫ್ರಿಜ್ಜಿನಷ್ಟು ದೊಡ್ಡ ಯಂತ್ರ. 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಎರಡು ಸಂಸ್ಥೆಗಳ ನಡುವೆ ಮೊದಲ ಸಂದೇಶ ಹೊರಟಿತು. ಕಳಿಸಬೇಕಿದ್ದ ಪದ ‘ಲಾಗಿನ್’. ಮೊದಲ ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಕಂಪ್ಯೂಟರ್ ಕೆಟ್ಟು ನಿಂತಿತು. ಮೊದಲ ದಿನವೇ ‘ನೆಟ್ ಹೋಗಿತ್ತು’ ಎಂದು ನಾವು ಸಮಾಧಾನ ಪಡಬಹುದು! ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆ ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಜೋಡಿಸಿಕೊಂಡಿತ್ತು.

ಬೆಳಕಿನ ದಾರಿ, ಕೊನೆಯ ಡಬ್ಬಿ

ಈ ಡಬ್ಬಿಗಳು ರೈತನ ಬದುಕಿಗೆ ಬಂದದ್ದು ‘ಭೂಮಿ’ ಯೋಜನೆಯಿಂದ. ಈ ಶತಮಾನದ ಆರಂಭದಲ್ಲಿ ಕರ್ನಾಟಕ 177 ತಾಲೂಕುಗಳ, ಸುಮಾರು 67 ಲಕ್ಷ ರೈತರ, ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗಾಗಿ ಕಾದವರಿಗೆ ಇದು ದೊಡ್ಡ ಬಿಡುಗಡೆ. ಆದರೆ ಅಂದಿನಿಂದ ಜಾಲ ಕಡಿದರೆ ರೈತನ ಕೆಲಸವೂ ನಿಲ್ಲತೊಡಗಿತು.

ಈಗ ದೂರದ ದಾರಿಗೆ ತಾಮ್ರದ ಬದಲು ಗಾಜಿನ ಎಳೆ ಬಂದಿದೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗಾಜಿನ ಎಳೆಯಲ್ಲಿ ಬಹುದೂರ ಸಂದೇಶ ಕಳಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಸಿಕ್ಕಿತು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಈ ಎಳೆ ಮುಟ್ಟಿಸುವುದು. ಎಳೆಯ ಕೊನೆಗೆ ಗೋಡೆಯ ಮೇಲೆ ಕಾಣುವ ಬಿಳಿ ಡಬ್ಬಿ ಒಎನ್‌ಟಿ. ಬೆಳಕನ್ನು ವಿದ್ಯುತ್ ಸಂಕೇತ ಮಾಡಿಕೊಡುವ ಈ ಡಬ್ಬಿ ಒಂದು ರೀತಿ ಹಳೆಯ ಮೋಡೆಮಿನ ಮೊಮ್ಮಗ. ಅದರಾಚೆಗೆ ತಂತಿಯಿಲ್ಲದೆ ಮೊಬೈಲಿಗೆ ಹಂಚುವುದು ಆ್ಯಕ್ಸೆಸ್ ಪಾಯಿಂಟ್, ಅಂದರೆ 1997ರಲ್ಲಿ ಮೊದಲ ಮಾನದಂಡ ಪಡೆದ ವೈಫೈ. ಮನೆಗಳಲ್ಲಿ ಒಎನ್‌ಟಿ, ರೌಟರ್, ಸ್ವಿಚ್, ವೈಫೈ ನಾಲ್ಕೂ ಒಂದೇ ಡಬ್ಬಿಯಲ್ಲಿರುವುದರಿಂದ ನಾವು ಎಲ್ಲಕ್ಕೂ ‘ನೆಟ್ಟಿನ ಡಬ್ಬಿ’ ಎನ್ನುತ್ತೇವೆ.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಈ ಕೊನೆಯ ಡಬ್ಬಿಯ ಬೆಲೆ ತಿಳಿಯಿತು. ಪಟ್ಟಣದ ಮಕ್ಕಳು ಆನ್‌ಲೈನ್ ಪಾಠ ಕೇಳಿದರು. ಹಳ್ಳಿಗಳಲ್ಲಿ ಸಿಗ್ನಲ್ ಇಲ್ಲದ, ಫೋನೇ ಇಲ್ಲದ ಮಕ್ಕಳ ಬಳಿಗೆ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರೇ ನಡೆದುಹೋದರು. ಗುಡಿಯ ಕಟ್ಟೆ, ಮರದ ನೆರಳು ತರಗತಿಯಾಯಿತು. ಜಾಲ ಮುಟ್ಟದ ಕಡೆ ಗುರುಗಳು ಮುಟ್ಟಿದ್ದನ್ನು ನಮ್ಮಂಥ ಇಂಜಿನಿಯರುಗಳು ಮರೆಯಬಾರದು.

ನನ್ನ ತಮ್ಮ-ತಂಗಿಯರಂಥ ವಿದ್ಯಾರ್ಥಿಗಳಿಗೆ ಒಂದು ಮಾತು. ‘ಸರ್ವರ್ ಇಲ್ಲ’ ಎಂದಾಗ ಸುಮ್ಮನೆ ತಿರುಗಿ ಬರಬೇಡಿ. ಡಬ್ಬಿಗೆ ಕರೆಂಟ್ ಇದೆಯೇ? ಒಎನ್‌ಟಿಯಲ್ಲಿ ಕೆಂಪು ದೀಪವಿದ್ದರೆ ಹೊರಗಿನ ಎಳೆ ಕಡಿದಿರಬಹುದು, ಲೈನಿನವರಿಗೆ ಹೇಳಬೇಕು. ಪಕ್ಕದ ಕಂಪ್ಯೂಟರಿನಲ್ಲಿ ನೆಟ್ ಬರುತ್ತಿದ್ದು ಇದರಲ್ಲಿ ಮಾತ್ರ ಇಲ್ಲದಿದ್ದರೆ ಸ್ವಿಚ್ಚಿನಿಂದ ಬರುವ ಕೇಬಲ್ ನೋಡಬೇಕು. ಬೇರೆಲ್ಲ ತೆರೆದು, ಎಲ್ಲ ಊರುಗಳಲ್ಲೂ ಆ ಒಂದು ಪುಟ ಮಾತ್ರ ತೆರೆಯದಿದ್ದರೆ ಆಗ ನಿಜಕ್ಕೂ ಸರ್ವರಿನ ತೊಂದರೆ. ಹೆಸರು ಗೊತ್ತಿದ್ದರೆ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತದೆ. ಈ ಮಹೋತ್ಸವದ ನೆನಪಿಗೆ ಕೆಲವು ಹಳೆಯ ಹಬ್, ಸ್ವಿಚ್, ಮೋಡೆಮುಗಳನ್ನು ಶಾಲೆಗೆ ತಂದುಕೊಡುತ್ತೇನೆ. ಬಿಚ್ಚಿ ನೋಡಿ, ಮತ್ತೆ ಜೋಡಿಸಿ.

ಮೊನ್ನೆ ಅಪ್ಪ ಒಂದು ಕಚೇರಿಗೆ ಹೋಗಿದ್ದರಂತೆ. ಕಿಟಕಿಯಲ್ಲಿ ಮತ್ತೆ ಅದೇ ಮಾತು. ಅಪ್ಪ ಎದ್ದು ಬರದೆ ಕೇಳಿದರಂತೆ: “ಸರ್ವರ್ ಇಲ್ಲ ಅಂದ್ರ ಯಾವ ಡಬ್ಬಿ ಹೋಗೇತ್ರಿ? ದೀಪ ಯಾವ ಬಣ್ಣ ಐತಿ, ಒಂದೀಟು ನೋಡ್ರಿ.”

ಒಳಗಿನವರು ಎದ್ದುಹೋಗಿ ನೋಡಿದರಂತೆ.