ಮೋಹನಸ್ವಾಮಿ

ವಸುಧೇಂದ್ರ (ಜನನ 1969, ಸಂಡೂರು) ಬರೆದ ಕಥಾಸಂಕಲನ. 2013ರಲ್ಲಿ ಲೇಖಕರದೇ ಛಂದ ಪುಸ್ತಕ ಪ್ರಕಾಶನದಿಂದ ಹೊರಬಂತು. ಗಂಡು ಗಂಡನ್ನು ಪ್ರೀತಿಸುವ ಬದುಕನ್ನು ಒಳಗಿನಿಂದ, ಮರೆಮಾಚದೆ ಹೇಳಿದ ಮೊದಲ ಕನ್ನಡ ಕೃತಿಗಳಲ್ಲಿ ಇದಕ್ಕೆ ಅಗ್ರಸ್ಥಾನ. 

ಹಲವು ಕಥೆಗಳ ನಾಯಕ ಮೋಹನಸ್ವಾಮಿಯೇ. ‘ಕಗ್ಗಂಟು’ ಕಥೆಯಲ್ಲಿ ಅವನು ಎಂಥ ಗಂಟನ್ನಾದರೂ ಬಿಡಿಸಬಲ್ಲ ಕೈಚಳಕದವನು. ಜೊತೆಗೆ ಬಾಳಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮಾತ್ರ ಅವನ ಬೆರಳುಗಳು ಸೋಲುತ್ತವೆ.  ಇಲ್ಲಿ ಸುಲಭ ಪುನರ್ಮಿಲನವಿಲ್ಲ. ಮೋಹನಸ್ವಾಮಿಗೆ ದಕ್ಕುವ ಎರಡನೆಯ ಅವಕಾಶ ತನ್ನನ್ನು ತಾನು ಒಪ್ಪಿಕೊಳ್ಳುವುದು. ಕೃತಿಯ ನಿಜವಾದ ಬಲವೂ ಅದೇ.

ಮೊದಲ ಕಥೆಯನ್ನು ಗುಪ್ತನಾಮದಲ್ಲಿ ಪ್ರಕಟಿಸಿದ್ದ ವಸುಧೇಂದ್ರ, ಸಂಕಲನವನ್ನು ಸ್ವಂತ ಹೆಸರಿನಲ್ಲೇ ತಂದರು. ಆ ಧೈರ್ಯ ಸಣ್ಣದಲ್ಲ: ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ದಂಡಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿದು ಸಲಿಂಗ ಸಂಬಂಧವನ್ನು ಮತ್ತೆ ಅಪರಾಧವಾಗಿಸಿತು. ಪುಸ್ತಕ ಓದಿದ ಅನೇಕ ಯುವಕರು ತಮ್ಮ ಅಳಲು ಹೇಳಿಕೊಳ್ಳಲು ಲೇಖಕರನ್ನೇ ಹುಡುಕಿಕೊಂಡು ಬಂದರು. ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದ 2016ರಲ್ಲಿ ಪ್ರಕಟವಾಯಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.