ಎಲ್ಲಿಂದ, ಎಲ್ಲಿಯವರೆಗೆ: ಕೀಲಿಮಣೆಯಲ್ಲಿ ಪಠ್ಯ ಆಯುವ ಚರಿತ್ರೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಘಟ್ಟದ ಮೇಲಿನ ಈ ನಾಲ್ಕು ಹೆಸರುಗಳಲ್ಲಿ ಒಂದರಲ್ಲೂ ಒತ್ತಕ್ಷರವಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಹೆಸರಿನ ಮುಂದೆ ಕರ್ಸರ್ ಇಟ್ಟು, ಶಿಫ್ಟ್ ಹಿಡಿದು ಬಾಣದ ಕೀಲಿ ಒತ್ತುತ್ತಾ ಹೋದರೆ ದಾಂಡೇಲಿ ಮೂರು ಸಲಕ್ಕೆ, ಮುಂಡಗೋಡ ನಾಲ್ಕು ಸಲಕ್ಕೆ ಸೆಲೆಕ್ಟ್ ಆಗುತ್ತದೆ. ಕಣ್ಣಿಗೆ ಕಂಡಷ್ಟೇ ಅಕ್ಷರ, ಅಷ್ಟೇ ಹೆಜ್ಜೆ. ಆದರೆ ಇವೆಲ್ಲ ಸೇರಿದ ಉತ್ತರ ಕನ್ನಡ ಜಿಲ್ಲೆಯ ಹೆಸರಿಗೆ ಬಂದರೆ ಲೆಕ್ಕ ತಪ್ಪುತ್ತದೆ. 'ಉತ್ತರ' ಮೂರಕ್ಷರದ ಮಾತು. ಯೂನಿಕೋಡ್‌ನ ಮೂಲ ನಿಯಮವನ್ನು ಹಾಗೆಯೇ ಪಾಲಿಸುವ ಎಡಿಟರ್‌ನಲ್ಲಿ ಅದಕ್ಕೆ ನಾಲ್ಕು ಹೆಜ್ಜೆ ಬೇಕು: ಉ, ತ್, ತ, ರ. ಮೂರನೆಯದನ್ನು ಮಾತ್ರ ಆಯ್ದು ಅಳಿಸಿದರೆ ಉಳಿದ 'ತ್' ಮುಂದಿನ 'ರ'ಕ್ಕೆ ಅಂಟಿಕೊಂಡು 'ಉತ್ರ' ಆಗುತ್ತದೆ. ಯಾರೂ ಬರೆಯದ ಒತ್ತಕ್ಷರವೊಂದು ತಾನಾಗಿ ಹುಟ್ಟಿರುತ್ತದೆ.

ಪಠ್ಯದ ತುಂಡಿಗೆ ತಲೆ, ಬುಡ ಗುರುತಿಸುವ ಕೆಲಸ ಕಂಪ್ಯೂಟರಿಗಿಂತ ಬಹಳ ಹಳೆಯದು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ ವಸತಿ ನೆಲೆಗೊಂಡಿತು. ಆಮೇಲೆ ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ಅಲ್ಲಿ ಓದುವ ಪೇಚಾಗಳು, ಅಂದರೆ ಉದ್ದನೆಯ ಬಿಡಿ ಹಾಳೆಗಳ ಗ್ರಂಥಗಳು, ನಮ್ಮ ತಾಳೆಗರಿಯ ಕಟ್ಟುಗಳನ್ನು ನೆನಪಿಸುತ್ತವೆ. ಟಿಬೆಟನ್ ವ್ಯಾಖ್ಯಾನಕಾರರು ಮೂಲದ ಭಾಗವನ್ನು ಪೂರ್ತಿ ಎತ್ತಿ ಬರೆಯದೆ ಮೊದಲ ಮಾತು, ಕೊನೆಯ ಮಾತು ಹೇಳಿ, ನಡುವೆ ನಮ್ಮ 'ಇಂದ', 'ವರೆಗೆ'ಗಳಿಗೆ ಸಮನಾದ ಪದಗಳನ್ನಿಟ್ಟು ಮುಂದೆ ಹೋಗುವುದುಂಟು.

1978ರಲ್ಲಿ ಬಂದ ವರ್ಡ್‌ಸ್ಟಾರ್ ಕೇಳಿದ್ದೂ ಈ ಎರಡನ್ನೇ. ಕಂಟ್ರೋಲ್ ಕೆ ಬಿ ಒತ್ತಿದರೆ ತುಂಡಿನ ಆರಂಭ, ಕಂಟ್ರೋಲ್ ಕೆ ಕೆ ಒತ್ತಿದರೆ ಅಂತ್ಯ. ನಕಲಿಗೆ ಕೆ ಸಿ, ಬೇರೆಡೆಗೆ ಒಯ್ಯಲು ಕೆ ವಿ. ಅದಕ್ಕೂ ಮುಂಚೆ ಯುನಿಕ್ಸ್‌ನ 'ಇಡಿ' ಎಡಿಟರ್ ಇಷ್ಟನೇ ಸಾಲಿನಿಂದ ಇಷ್ಟನೇ ಸಾಲಿನವರೆಗೆ ಎಂದು ಅಂಕಿಯಲ್ಲೇ ಕೇಳುತ್ತಿತ್ತು. ಇಂದಿನ ಶಿಫ್ಟ್ ಮತ್ತು ಬಾಣದ ಜೋಡಿ ಐಬಿಎಂನ ನಿಯಮಾವಳಿ ಮತ್ತು ವಿಂಡೋಸ್ ಮೂಲಕ ಮನೆಮನೆಗೆ ಬಂದಿತು. ಇವೆಲ್ಲ ರೋಮನ್ ಲಿಪಿಯ ನಡುವೆ ಹುಟ್ಟಿದವು. ಅಲ್ಲಿ ಒಂದು ಅಕ್ಷರಕ್ಕೆ ಒಂದು ಸಂಕೇತ. ತುಂಡಿನ ಅಂಚು ಅಕ್ಷರದ ಹೊಟ್ಟೆಯೊಳಗೆ ಬೀಳುವ ಪ್ರಶ್ನೆಯೇ ಏಳಲಿಲ್ಲ.

ಕನ್ನಡಕ್ಕೆ ಆ ಪ್ರಶ್ನೆ ಮೊದಲ ದಿನದಿಂದಲೇ ಇತ್ತು. ಕೆ.ಪಿ. ರಾವ್ ಅವರ ಕೀಲಿವಿನ್ಯಾಸ ಟೈಪ್ ಮಾಡುವುದನ್ನು ಸುಲಭಗೊಳಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಬಂದವು. ಡಿಟಿಪಿ ಅಂಗಡಿಗಳು ಇಂದಿಗೂ ನೆಚ್ಚಿಕೊಂಡಿರುವ ನುಡಿಯ ಹಳೆಯ ಫಾಂಟುಗಳಲ್ಲಿ ಸಂಕೇತ ಇರುವುದು ಅಕ್ಷರಕ್ಕಲ್ಲ, ಅದರ ಆಕಾರದ ಚೂರಿಗೆ. ದಾಂಡೇಲಿ ಎಂಬ ಮೂರಕ್ಷರ ಅಲ್ಲಿ ಏಳು ಚೂರು: 'ಡೇ' ಒಂದಕ್ಕೇ ಡಕಾರದ ದೇಹ, ಎತ್ವ, ದೀರ್ಘ ಎಂದು ಮೂರು. 'ಕರ್ನಾಟಕ'ದ ಅರ್ಕಾವತ್ತು 'ನಾ' ಆದಮೇಲೆ ಕೂತಿರುತ್ತದೆ. ಒಂದು ಹೆಜ್ಜೆ ಮೊದಲೇ ನಿಲ್ಲಿಸಿ ಕಟ್ ಮಾಡಿದರೆ ಒತ್ತು ಅಲ್ಲೇ ಅನಾಥವಾಗಿ ಉಳಿಯುತ್ತದೆ. ಸ್ಮರಣಸಂಚಿಕೆಯ ಪ್ರೂಫ್ ತಿದ್ದುವಾಗ ಸಾಲಿನ ತಲೆಯಲ್ಲಿ ಒಂಟಿ ಒತ್ತು ನಿಂತಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಾಗದದ ಮೇಲೆ ಹೀಗಾಗುತ್ತಿರಲಿಲ್ಲ. ದಾಂಡೇಲಿ ಕಾಗದದ ಊರು. ಅಂಥ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಕಂಸ ಹಾಕುವವರು ಒತ್ತನ್ನು ಕತ್ತರಿಸಿ ಕಂಸ ಹಾಕುವುದಿಲ್ಲ.

ಯೂನಿಕೋಡ್ ಈ ಚೂರುಗಳ ಕಾಟ ತಪ್ಪಿಸಿತು, ಒತ್ತಿನದನ್ನು ಮಾತ್ರ ಉಳಿಸಿತು. ಮುಂಡಗೋಡದ ಎರಡು ಲಿಪಿಗಳನ್ನು ಅಕ್ಕಪಕ್ಕ ಇಟ್ಟರೆ ಕಾರಣ ತಿಳಿಯುತ್ತದೆ. ಟಿಬೆಟನ್ ಲಿಪಿ 1991ರ ಮೊದಲ ಆವೃತ್ತಿಯಲ್ಲಿ ಸೇರಿ, ಮುಂದಿನದರಲ್ಲಿ ಹೊರಬಿದ್ದು, 1996ರ 2.0ರಲ್ಲಿ ಹೊಸ ರಚನೆಯೊಡನೆ ಮರಳಿತು. ಆ ರಚನೆಯಲ್ಲಿ ಕೆಳಗೆ ಕೂರುವ ವ್ಯಂಜನಗಳಿಗೆ ಬೇರೆಯೇ ಸಂಕೇತಗಳಿವೆ, ಅವು ಮೇಲಿನದಕ್ಕೆ ಬಿಡದೆ ಅಂಟಿರುತ್ತವೆ. 'ಶಬ್ದ' ಎಂಬ ಅರ್ಥದ ಟಿಬೆಟನ್ ಪದದಲ್ಲಿ ಸ, ಗ, ರ ಒಂದರ ಕೆಳಗೊಂದು ಕೂರುತ್ತವೆ. ಅದನ್ನು ಆಯಲು ಒಂದೇ ಹೆಜ್ಜೆ ಸಾಕು. ಕನ್ನಡದ 'ಸ್ತ್ರೀ'ಗೆ ಮೂರು, ಏಕೆಂದರೆ ನಮ್ಮ ಒತ್ತಿಗೆ ಸ್ವಂತ ಸಂಕೇತವಿಲ್ಲ. ವ್ಯಂಜನದ ಸ್ವರ ತೆಗೆಯುವ 'ವಿರಾಮ' (ಹಲಂತ) ಚಿಹ್ನೆ, ಅದರ ಮುಂದೆ ಪೂರ್ಣ ವ್ಯಂಜನ ಕೂಡಿ ಒತ್ತಾಗುತ್ತದೆ. ಹಳೆಯ ನಿಯಮ ಇವೆರಡರ ನಡುವೆಯೇ ಗೆರೆ ಎಳೆಯಿತು. 'ಉತ್' ಒಂದು ಉಸಿರು, 'ತ' ಇನ್ನೊಂದು ಎಂದು ವಾದಿಸಬಹುದು. ಅದು ಛಂದಸ್ಸಿನ ಲೆಕ್ಕ. ಬರೆಯುವ ಕೈಗೆ, ಓದುವ ಕಣ್ಣಿಗೆ 'ತ್ತ' ಒಂದೇ.

2023ರ 15.1ನೇ ಆವೃತ್ತಿ ಈ ಗೆರೆಯನ್ನು ಅಳಿಸಿತು. ಆದರೆ ಆರು ಲಿಪಿಗಳಿಗೆ ಮಾತ್ರ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಹಳಿಯಾಳ, ಜೋಯಿಡಾಗಳಲ್ಲಿ ಮರಾಠಿ ಬರೆಯುವವರ ದೇವನಾಗರಿಯ 'ಉತ್ತರ' ಮೂರು ಹೆಜ್ಜೆಗೆ ಇಳಿಯಿತು. ನಮ್ಮ ಒತ್ತಿನ ಮಾದರಿಯನ್ನೇ ಹಂಚಿಕೊಂಡ ತೆಲುಗೂ ಒಳಗೆ ಹೋಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ಇರಬೇಕಿತ್ತು. ಪದವಿಡೀ ಆಯುವ ಕಂಟ್ರೋಲ್, ಶಿಫ್ಟ್, ಬಾಣದ ಜೋಡಣೆ ಪದಗಳ ನಡುವೆ ಜಾಗ ಬಿಡುವ ನಮಗೆ ಸದ್ಯದ ಆಸರೆ. ಪ್ರೂಫ್ ತಿದ್ದುವ ಹುಡುಗರಿಗೆ ನಾನು ಮೊದಲು ಕಲಿಸುವುದು ಅದನ್ನೇ.